ಲೇಪದ ಹದ

ಕನ್ನಡದ 'ಹದ' ಎಂಬ ಮಾತಿಗೆ ಸರಿಸಮನಾದ ಇನ್ನೊಂದು ಮಾತನ್ನು ಹುಡುಕುವುದು ಸುಲಭವಲ್ಲ. 'ಪಾಕ'ವೆಂದರೆ ಒಲೆಯ ಬಿಸಿ ನೆನಪಿಗೆ ಬರುವುದು. 'ಸಾಂದ್ರತೆ'ಯೆಂದರೆ ಗಟ್ಟಿತನ ಮಾತ್ರವೇ ತಿಳಿಯುವುದು. ಹದವಾದರೋ ಕಣ್ಣಿಗೂ ಕೈಗೂ ಏಕಕಾಲದಲ್ಲಿ ಗೋಚರವಾಗುವ ಗುಣ. ಬೆಲ್ಲದ ಪಾಕಕ್ಕೆ ಹದವುಂಟು, ಉಳುವ ಮಣ್ಣಿಗೆ ಹದವುಂಟು, ನಾದುವ ಹಿಟ್ಟಿಗೆ ಹದವುಂಟು. ಹದ ತಪ್ಪಿದೆಯೆಂಬುದನ್ನು ಬೆರಳು ಮೊದಲು ಹೇಳುವುದು. ಬುದ್ಧಿಯು ಆಮೇಲೆ ಕಾರಣವನ್ನು ಅರಸುವುದು. ಮುಖಕ್ಕೂ ಮೈಗೂ ಹಚ್ಚಿಕೊಳ್ಳುವುದಕ್ಕಾಗಿ ಈಚೆಗೆ ಅನೇಕ ಮನೆಗಳಲ್ಲಿ ತಯಾರಾಗುತ್ತಿರುವ 'ಸೀರಮ್' ಎಂಬ ತೆಳುಲೇಪಗಳ ಹದವನ್ನು ಕುರಿತು ಇಲ್ಲಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಬಹುಕಾಲ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತನಾದ ಮೇಷ್ಟರಿಗೆ ಇದರ ಗೊಡವೆ ಏಕೆಂದು ವಾಚಕರು ನಗಬಹುದು. ನಗಲಿ. ನಮಗೆ ಮೊದಲು ಕುತೂಹಲ ಹುಟ್ಟಿಸಿದ್ದು ಆ ಹೆಸರೇ. ಸೀರಮ್ ಎಂಬುದು ಲ್ಯಾಟಿನ್ ಭಾಷೆಯ ಶಬ್ದ. ಹಾಲು ಒಡೆದಾಗ ಗಟ್ಟಿಯಿಂದ ಬೇರೆಯಾಗಿ ನಿಲ್ಲುವ ತಿಳಿನೀರೆಂದು ಅದರ ಅರ್ಥ. ಹರಿಯುವುದೆಂಬ ಅರ್ಥವುಳ್ಳ ನಮ್ಮ 'ಸೃ' ಧಾತುವಿಗೂ ಅದಕ್ಕೂ ನಂಟುಂಟೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಆ ಲೆಕ್ಕದಲ್ಲಿ ಸೀರಮ್ಮೂ ನಮ್ಮ 'ಸರಿತ್ತೂ' ದೂರದ ದಾಯಾದಿಗಳು. ಒಡೆದದ್ದರಿಂದಲೇ ಹೆಸರು ಪಡೆದ ವಸ್ತುವು ಸೀಸೆಯಲ್ಲಿ ಒಡೆಯಬಾರದೆಂದು ಇಂದಿನ ಹೆಣ್ಣುಮಕ್ಕಳು ಪಡುವ ಪಾಡು ವಿನೋದವೇ ಸರಿ.

ನಮ್ಮ ಮನೆಗೆ ಈ ವಿದ್ಯೆಯನ್ನು ತಂದವಳು ನಮ್ಮ ಸೊಸೆ. ಶಿರಸಿಯ ಕಡೆಯ ಹುಡುಗಿ; ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಓದಿದವಳು. ಭಾನುವಾರದ ಮಧ್ಯಾಹ್ನ ಅಡಿಗೆಮನೆಯ ಕೆಲಸ ಮುಗಿದ ಮೇಲೆ ಒಂದು ಗ್ರಾಮಿನ ನೂರನೆಯ ಒಂದು ಪಾಲನ್ನೂ ತೋರಿಸುವ ಪುಟ್ಟ ತಕ್ಕಡಿಯನ್ನು ಮುಂದಿಟ್ಟುಕೊಂಡು ಕುಳಿತುಬಿಡುವಳು. ಮೊದಮೊದಲು ಹತ್ತು ಸಲ ಮಾಡಿದರೆ ಆರು ಸಲ ಹದ ಕೆಡುತ್ತಿತ್ತು. ಕೆಟ್ಟದ್ದನ್ನು ಕಂಡು ಅವಳು ಅಳಲಿಲ್ಲ, ಸುಮ್ಮನೆ ಚೆಲ್ಲಲೂ ಇಲ್ಲ. "ಮಾವ, ಇದು ಏಕೆ ಹೀಗಾಯಿತೆಂದು ನೋಡೋಣ" ಎಂದು ನಮ್ಮನ್ನೂ ಕರೆದಳು. ನಾವು ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ತೇದಿ, ತೂಕ, ಕಾಣಿಸಿದ ದೋಷ ಇವುಗಳನ್ನು ಬರೆದಿಡುತ್ತ ಬಂದೆವು. ಹೀಗೆ ಎರಡು ವರ್ಷದ ಬರೆವಣಿಗೆಯಿಂದ ನಮಗೆ ತಿಳಿದದ್ದು ಇದು: ಲೇಪದ ದೋಷಗಳು ಎರಡು ಜಾತಿ. ಮಾಡುವಾಗಲೇ ಹುಟ್ಟುವುದು ಸಹಜದೋಷ. ಸರಿಯಾಗಿದ್ದ ಲೇಪಕ್ಕೆ ಆಮೇಲೆ ಬಂದು ಸೇರುವುದು ಆಗಂತುಕದೋಷ. ಮೊದಲನೆಯದು ಬಹುಮಟ್ಟಿಗೆ ಕೈಯ ತಪ್ಪು, ತಿದ್ದಬಹುದು. ಎರಡನೆಯದರಲ್ಲಿ ಕೆಲವು ನಿರಪಾಯ, ಕೆಲವು ಅಪಾಯ. ಇವನ್ನು ಬೇರ್ಪಡಿಸಿ ತಿಳಿಯುವುದೇ ಇಲ್ಲಿಯ ವಿವೇಕ.

ಸಹಜದೋಷಗಳಲ್ಲಿ ಮೊದಲನೆಯದು ಗಂಟು. ನೀರನ್ನು ತುಸು ಮಂದವಾಗಿಸುವುದಕ್ಕೆ ಕ್ಸಾಂಥನ್ ಗೋಂದೆಂಬ ಬಿಳಿಯ ಪುಡಿಯನ್ನು ಸೇರಿಸುವರು. ಕೋಸಿನ ಎಲೆಗೆ ಕಪ್ಪುಕೊಳೆ ರೋಗವನ್ನು ತರುವ ಒಂದು ಸೂಕ್ಷ್ಮಜೀವಿಯೇ ಸಕ್ಕರೆಯನ್ನು ತಿಂದು ಈ ಗೋಂದನ್ನು ಮಾಡಿಕೊಡುವುದು. ಅಮೆರಿಕದ ಪಿಯೋರಿಯ ನಗರದ ಸರ್ಕಾರಿ ಪ್ರಯೋಗಶಾಲೆಯಲ್ಲಿ ಆಲೀನ್ ಜೀನ್ಸ್ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳೂ ಇದನ್ನು ಕಂಡುಹಿಡಿದರು. 1969ರಲ್ಲಿ ಆ ದೇಶದಲ್ಲಿ ಇದನ್ನು ಆಹಾರದಲ್ಲಿ ಬಳಸಲು ಅನುಮತಿ ದೊರೆಯಿತು. ನೂರು ಗ್ರಾಂ ನೀರಿಗೆ ಇದರ ಕಾಲು ಗ್ರಾಂ ಸಾಕು. ಆದರೆ ಪುಡಿಯನ್ನು ನೇರವಾಗಿ ನೀರಿಗೆ ಸುರಿದರೆ ಪ್ರತಿಯೊಂದು ಚಿಟಿಕೆಯೂ ಹೊರಮೈಯಲ್ಲಿ ನೆನೆದು ಅಂಟಾಗಿ, ಒಳಗಿನ ಒಣಪುಡಿಗೆ ನೀರು ಹೋಗದಂತೆ ಕೋಟೆ ಕಟ್ಟಿಬಿಡುವುದು. ಎಷ್ಟು ಕಲಕಿದರೂ ಮೀನಿನ ಕಣ್ಣಿನಂಥ ಗಂಟುಗಳು ತೇಲುತ್ತಲೇ ಇರುವುವು.

ಇದರ ಪರಿಹಾರವನ್ನು ನಮ್ಮ ಗೃಹಿಣಿ ಒಂದೇ ಮಾತಿನಲ್ಲಿ ಹೇಳಿದಳು: "ರಾಗಿಹಿಟ್ಟನ್ನು ಕುದಿಯುವ ನೀರಿಗೆ ಹಾಗೆಯೇ ಸುರಿಯುತ್ತಾರೇನೇ? ತಣ್ಣೀರಿನಲ್ಲಿ ಕದಡಿಕೊಳ್ಳಬೇಕು." ಗಂಜಿಯ ನ್ಯಾಯವೇ ಇಲ್ಲಿಯೂ ಸಲ್ಲುವುದು, ಭೇದವಿಷ್ಟೆ, ಗೋಂದನ್ನು ಕದಡಬೇಕಾದದ್ದು ನೀರಿನಲ್ಲಲ್ಲ, ಗ್ಲಿಸರಿನ್ನಿನಲ್ಲಿ. ಗ್ಲಿಸರಿನ್ನಿನಲ್ಲಿ ಆ ಪುಡಿಯು ಬೇಗ ಉಬ್ಬದೆ ಬಿಡಿಬಿಡಿಯಾಗಿ ಹರಡಿಕೊಳ್ಳುವುದು. ಆಮೇಲೆ ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿದರೆ ಗಂಟಿನ ಸುಳಿವೇ ಇರದು.

ಹಯಲುರಾನಿಕ್ ಆಮ್ಲದ ಪುಡಿಗಾದರೆ ಬೇಕಾದದ್ದು ತಾಳ್ಮೆ. 1934ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬಿಬ್ಬರು ದನದ ಕಣ್ಣಿನೊಳಗಿನ ದ್ರವದಲ್ಲಿ ಈ ವಸ್ತುವನ್ನು ಕಂಡರು. ಗಾಜೆಂಬ ಅರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ಹೆಸರಿಟ್ಟರು. ನೂರು ಗ್ರಾಂ ನೀರಿಗೆ ಒಂದು ಗ್ರಾಂ ಉದುರಿಸಿ, ಮುಚ್ಚಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಗಾಗುವುದರೊಳಗೆ ಗಂಟುಗಳೆಲ್ಲ ತಾವೇ ನೀರು ಕುಡಿದು ಕರಗಿರುವುವು. ಅವಸರಪಟ್ಟು ಕಡೆದರೆ ಗಂಟಿನ ಜತೆಗೆ ಗಾಳಿಯ ಗುಳ್ಳೆಯೂ ತುಂಬಿಕೊಳ್ಳುವುದು. ಗುಳ್ಳೆಯಿಂದ ಕೇಡಿಲ್ಲ, ಒಂದೆರಡು ದಿನ ಬಿಟ್ಟರೆ ಏರಿಹೋಗುವುದು.

ಎರಡನೆಯದು ಅಂಟು. ಗ್ಲಿಸರಿನ್ ತೇವವನ್ನು ಹಿಡಿದಿಡುವ ವಸ್ತುವಾದ್ದರಿಂದ ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂದು ಹಲವರು ತಿಳಿಯುವರು. ನೂರಕ್ಕೆ ಮೂರರಿಂದ ಐದು ಪಾಲು ಇದ್ದರೆ ಹಿತ; ಹತ್ತನ್ನು ದಾಟಿದರೆ ಮುಖಕ್ಕೆ ಬೆಲ್ಲ ಸವರಿದಂತಾಗುವುದು. ಗೋಂದು ಹೆಚ್ಚಾದರೆ ಇನ್ನೊಂದು ಪೀಡೆ: ಹಚ್ಚಿ ಉಜ್ಜಿದಾಗ ಚರ್ಮದ ಮೇಲೆ ಪೊರೆಗಟ್ಟಿ, ಎಣ್ಣೆಸ್ನಾನದಲ್ಲಿ ಸೀಗೆಪುಡಿ ಉಜ್ಜಿದಾಗ ಬರುವ ಕೊಳೆಯಂತೆ ಉರುಳೆ ಉರುಳೆಯಾಗಿ ಉದುರುವುದು. ಕೆಳಗಿನ ಲೇಪ ಒಣಗುವ ಮೊದಲೇ ಮೇಲೊಂದನ್ನು ಹಚ್ಚಿದರೂ ಹೀಗೆಯೇ. ಗೋಂದನ್ನು ಅರ್ಧಕ್ಕೆ ಇಳಿಸುವುದು, ಎರಡು ಲೇಪಗಳ ನಡುವೆ ನಾಲ್ಕು ನಿಮಿಷ ಸುಮ್ಮನಿರುವುದು, ಇಷ್ಟೇ ಇದಕ್ಕೆ ಮದ್ದು.

ಮೂರನೆಯದು ಒಡೆಯುವುದು. ಎಣ್ಣೆಗೂ ನೀರಿಗೂ ಸಹವಾಸ ಒಗ್ಗದೆಂಬುದು ಎಲ್ಲರಿಗೂ ಗೊತ್ತು. ಎರಡನ್ನೂ ಸೀಸೆಗೆ ಹಾಕಿ ಬಲವಾಗಿ ಕುಲುಕಿದರೆ ಕ್ಷಣಕಾಲ ಹಾಲಿನಂತೆ ಕೂಡಿಕೊಂಡದ್ದು, ಕೆಳಗಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಬೇರೆಯಾಗಿ ನಿಲ್ಲುವುದು. ಎಣ್ಣೆಯ ಹನಿ ಎಷ್ಟು ವೇಗದಿಂದ ಮೇಲೇರುವುದೆಂಬ ಗಣಿತವನ್ನು ಜಾರ್ಜ್ ಸ್ಟೋಕ್ಸ್ ಎಂಬ ವಿದ್ವಾಂಸನ 1851ರ ಸೂತ್ರದಿಂದ ಮಾಡಬಹುದು. ಹನಿಯ ಗಾತ್ರವನ್ನು ಅಡ್ಡಳತೆಯಲ್ಲಿ ಅರ್ಧಮಾಡಿದರೆ ಅದು ಏರುವ ವೇಗವು ಕಾಲುಭಾಗಕ್ಕೆ ಇಳಿಯುವುದು. ಸುತ್ತಲಿನ ನೀರು ಮಂದವಾದಷ್ಟೂ ಮತ್ತೆ ನಿಧಾನವಾಗುವುದು. ಆದ್ದರಿಂದ ಹನಿಯನ್ನು ಸಣ್ಣದಾಗಿ ಒಡೆಯಬೇಕು, ನೀರನ್ನು ಮಂದವಾಗಿಸಬೇಕು. ಆದರೆ ಇವೆರಡೂ ಜಗಳವನ್ನು ಮುಂದೂಡುವ ಉಪಾಯಗಳು ಮಾತ್ರ. ರಾಜಿ ಮಾಡಿಸಬೇಕಾದರೆ ಒಂದು ತುದಿಯಿಂದ ಎಣ್ಣೆಯನ್ನೂ ಇನ್ನೊಂದು ತುದಿಯಿಂದ ನೀರನ್ನೂ ಹಿಡಿಯಬಲ್ಲ ಮಧ್ಯಸ್ಥನೊಬ್ಬನು ಬೇಕು. ಇಂಥ ಕೂಡಿಸುವ ಮೇಣಗಳು ಅಂಗಡಿಯಲ್ಲಿ ದೊರೆಯುವುವು.

ಮೇಣವನ್ನು ಹಾಕಿದರೂ ಒಡೆಯಿತೆಂದು ದೂರುವವರು ಬಿಸಿಯನ್ನು ವಿಚಾರಿಸಬೇಕು. ಕಾದ ಎಣ್ಣೆಮೇಣಗಳಿಗೆ ತಣ್ಣೀರನ್ನು ಸುರಿದರೆ ಮೇಣವು ತನ್ನ ಕೆಲಸಕ್ಕೆ ತೊಡಗುವ ಮೊದಲೇ ಹೆಪ್ಪುಗಟ್ಟಿ ಕಾಳುಕಾಳಾಗುವುದು. ಎರಡು ಪಾತ್ರೆಗಳನ್ನೂ ಬಿಸಿನೀರಿನಲ್ಲಿಟ್ಟು, ಎರಡೂ ಸುಮಾರು 70 ಡಿಗ್ರಿಗೆ ಬಂದಮೇಲೆ ಕೂಡಿಸಿ, ಆರುವವರೆಗೂ ಕೈಬಿಡದೆ ತಿರುವಬೇಕು. ಮಜ್ಜಿಗೆಹುಳಿಯನ್ನು ಮಾಡಬಲ್ಲ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ನಾಲ್ಕನೆಯದಾದ ಹರಳು ಎರಡು ಜಾತಿಗಳ ನಡುವೆ ನಿಲ್ಲುವ ದೋಷ. ನಮ್ಮ ಸೊಸೆ ತೌರಿನಿಂದ ಮುರುಗಲು ತುಪ್ಪದ ಉಂಡೆಗಳನ್ನು ತರುವಳು. ಮುರುಗಲು ಹಣ್ಣಿನ ಬೀಜದಿಂದ ತೆಗೆದ ಈ ಬಿಳಿಯ ಕೊಬ್ಬು ಘಟ್ಟದ ಸೀಮೆಯಲ್ಲಿ ಒಡೆದ ಹಿಮ್ಮಡಿಗೆ ಹಳೆಯ ಔಷಧ. ಇಂಥ ಗಟ್ಟಿ ಕೊಬ್ಬುಗಳನ್ನು ಎಣ್ಣೆಗಳೊಡನೆ ಕರಗಿಸಿ ಮಾಡಿದ ಮುಲಾಮು ಒಮ್ಮೊಮ್ಮೆ ಮೊದಲ ವಾರ ನುಣ್ಣಗಿದ್ದು, ಬೇಸಗೆಯ ಒಂದು ಮಧ್ಯಾಹ್ನ ಕರಗಿ ಮತ್ತೆ ಗಟ್ಟಿಯಾದ ಮೇಲೆ ರವೆಯಂತೆ ಕೈಗೆ ಹತ್ತುವುದು. ಕಂಡವರು ಕೆಟ್ಟಿತೆಂದು ಹೆದರುವರು. ಕೆಟ್ಟಿಲ್ಲ. ತುಪ್ಪವನ್ನು ಕಾಯಿಸಿ ಮೆಲ್ಲಗೆ ಆರಲು ಬಿಟ್ಟರೆ ಮರಳುಮರಳಾಗುವುದಲ್ಲವೆ? ಕೊಬ್ಬಿನಲ್ಲಿ ಬೇಗ ಗಟ್ಟಿಯಾಗುವ ಅಂಶವೂ ತಡವಾಗಿ ಗಟ್ಟಿಯಾಗುವ ಅಂಶವೂ ಬೆರೆತಿರುವುದು. ನಿಧಾನವಾಗಿ ಆರಿದಾಗ ಬೇಗಿನ ಅಂಶಗಳು ಒಟ್ಟುಗೂಡಿ ದೊಡ್ಡ ಹರಳುಗಳಾಗುವುವು. ಊಟದೆಲೆಯ ಮೇಲೆ ನಾವು ಮೆಚ್ಚುವ ಗುಣವೇ ಮುಲಾಮಿನಲ್ಲಿ ದೋಷವೆನಿಸಿಕೊಳ್ಳುವುದು. ಪೂರ್ಣವಾಗಿ ಕರಗಿಸಿ, ತಣ್ಣೀರಿನಲ್ಲಿ ಪಾತ್ರೆಯನ್ನಿಟ್ಟು ಬೇಗ ಆರಿಸಿದರೆ ಮತ್ತೆ ನುಣುಪು ಬರುವುದು.

ವಿಟಮಿನ್ ಸಿ ಎಂಬ ಆಸ್ಕಾರ್ಬಿಕ್ ಆಮ್ಲದ ಹರಳು ಬೇರೆ. ಅದು ಎಣ್ಣೆಯಲ್ಲಿ ಕರಗದು. ನೀರಿನಲ್ಲಿ ಸುಲಭವಾಗಿ ಕರಗುವುದು. ಆದುದರಿಂದ ಗೋಂದನ್ನು ಸೇರಿಸುವ ಮೊದಲೇ ಅದನ್ನು ನೀರಿಗೆ ಹಾಕಿ ತಿಳಿಯಾಗಿಸಿಕೊಳ್ಳಬೇಕು. ಆ ದ್ರವವು ದಿನ ಕಳೆದಂತೆ ಹಳದಿಯಾಗಿ, ಕಡೆಗೆ ಕಂದಾದರೆ, ಗಾಳಿ ತಾಗಿ ಅದರ ಸತ್ತ್ವ ಹೋಯಿತೆಂದು ತಿಳಿದು ಬಿಟ್ಟುಬಿಡಬೇಕು.

ಇನ್ನು ಉಳಿದದ್ದು ನೀರಾಗುವುದು. ಇದನ್ನು ಕುರಿತೇ ನಾವು ಈ ಲೇಖನವನ್ನು ಬರೆಯಲು ತೊಡಗಿದ್ದು.

ಮಂದವಾಗಿದ್ದ ಲೇಪವು ತೆಳ್ಳಗಾಗುವುದಕ್ಕೆ ಕಾರಣಗಳು ಮೂರು. ಕಾರ್ಬೋಮರ್ ಎಂಬ ಅಂಟಿನಿಂದ ಮಾಡಿದ್ದಾದರೆ ಉಪ್ಪಿನ ಗುಣವುಳ್ಳ ಯಾವುದನ್ನು ಸೇರಿಸಿದರೂ, ಲೋಳೆಸರದ ರಸವನ್ನು ಸೇರಿಸಿದರೂ ಸಹ, ಕಣ್ಣೆದುರಿಗೇ ನೀರಾಗುವುದು. ಇದು ಸಹಜದೋಷ, ಅಂಜಬೇಕಾಗಿಲ್ಲ. ಹಯಲುರಾನಿಕ್ ಆಮ್ಲವನ್ನು ಬಹಳ ಹುಳಿಯಾದ ದ್ರವದಲ್ಲಿಟ್ಟರೆ ಅದರ ಉದ್ದನೆಯ ಎಳೆಗಳು ವಾರಗಳು ಕಳೆದಂತೆ ತುಂಡಾಗಿ ಮಂದತೆಯು ಕುಗ್ಗುವುದು. ಮೂರನೆಯದು, ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಲೇಪಕ್ಕೆ ಮೈಕೊಟ್ಟಿದ್ದ ವಸ್ತುಗಳನ್ನೇ ತಿಂದುಹಾಕುವುದು. ಎರಡನೆಯದನ್ನೂ ಮೂರನೆಯದನ್ನೂ ಬರಿಗಣ್ಣು ಬೇರ್ಪಡಿಸಲಾರದು.

ಕಳೆದ ಧನುರ್ಮಾಸದಲ್ಲಿ ನಮ್ಮ ಗೃಹಿಣಿಯ ಹಿಮ್ಮಡಿಗಳು ಎಂದಿನಂತೆ ಒಡೆದವು. ಆಕೆಗೆ ಹನ್ನೆರಡು ವರ್ಷದಿಂದ ಮಧುಮೇಹವಿದೆ. ಅತ್ತೆಯ ಕಾಲಿಗೆಂದು ಸೊಸೆಯು ಕುಂಡದ ಲೋಳೆಸರವನ್ನು ಕೊಯ್ದು, ಚರ್ಮವನ್ನು ಕೆರಳಿಸುವ ಅದರ ಹಳದಿ ಹಾಲನ್ನು ಸೋರಿಸಿ ತೆಗೆದು, ತಿರುಳನ್ನು ಗುಲಾಬಿನೀರು ಗ್ಲಿಸರಿನ್ನುಗಳೊಡನೆ ಬೆರೆಸಿ, ವಿಟಮಿನ್ ಇ ಗುಳಿಗೆಯೊಂದನ್ನು ಹಿಂಡಿ ಕೊಟ್ಟಳು. ಹಿಂದಿನ ಸಂಕ್ರಾಂತಿಯಿಂದ ಮುನಿಸಿಕೊಂಡಂತಿದ್ದ ಇಬ್ಬರ ನಡುವೆ ಆ ಸೀಸೆಯು ಮಾತು ತಂದಿತೆಂದರೆ ಹೆಚ್ಚು ಹೇಳಿದಂತಾಗಲಿಲ್ಲ. ರಾತ್ರಿ ಊಟವಾದ ಮೇಲೆ ಸೊಸೆಯೇ ಹಚ್ಚುವಳು. ಇವಳು ತೌರಿನ ಕಥೆಗಳನ್ನು ಹೇಳುವಳು.

ಹನ್ನೆರಡು ದಿನ ಕಳೆದಿರಬಹುದು. ಮೊದಲು ಲೋಳೆಲೋಳೆಯಾಗಿ ಜಾರದೆ ನಿಲ್ಲುತ್ತಿದ್ದುದು ಆ ರಾತ್ರಿ ನೀರಿನಂತೆ ಹರಿಯಿತು. ನಮ್ಮ ಗೃಹಿಣಿಗೆ ಸಂತೋಷವೇ ಆಯಿತು. "ಈಗ ನೋಡು, ಹದಕ್ಕೆ ಬಂತು" ಎಂದಳು. ಸೊಸೆಯು ಸೀಸೆಯನ್ನು ದೀಪಕ್ಕೆ ಹಿಡಿದು ನೋಡಿ, ಮುಚ್ಚಳವನ್ನು ಹಾಕಿ ಕೆಳಗಿಟ್ಟಳು.

"ಇದು ಬೇಡ, ಅತ್ತೆ."

"ವಾಸನೆ ಇಲ್ಲ, ಬಣ್ಣ ಕೆಟ್ಟಿಲ್ಲ. ಕೈಯಾರೆ ಮಾಡಿದ್ದನ್ನು ಏಕೆ ಚೆಲ್ಲುತ್ತೀಯೆ?"

"ನಾನು ಏನೂ ಮಾಡದೆ ಅದು ತಾನೇ ಬದಲಾಗಿದೆ, ಅತ್ತೆ. ಅದಕ್ಕೇ ಭಯ."

ಕಾಲಿನ ಬಿರುಕಿನ ಮೂಲಕ ಸೋಂಕು ಒಳಹೋದರೆ ಮಧುಮೇಹಿಗಳಿಗೆ ವಾಸಿಯಾಗುವುದು ಕಷ್ಟವೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಒಂದು ಗಳಿಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಸೊಸೆಯು ಎದ್ದು ಬಚ್ಚಲಿಗೆ ಹೋಗಿ ಪೂರ್ತಿಯಾಗಿ ಚೆಲ್ಲಿ, ಮುರುಗಲು ತುಪ್ಪದ ಉಂಡೆಯೊಂದನ್ನು ಬೆಚ್ಚಗೆಮಾಡಿ ತಂದು ಹಚ್ಚಿದಳು. ಅತ್ತೆಯ ಮುಖ ಎರಡು ದಿನ ಸಣ್ಣದಾಗಿತ್ತು. ಮೂರನೆಯ ದಿನ ತಾನೇ ಕಾಲನ್ನು ಮುಂದಕ್ಕೆ ಚಾಚಿದಳು. ಪ್ರೀತಿಯಿಂದ ಮಾಡಿದ ವಸ್ತುವನ್ನು ಪ್ರೀತಿಗಾಗಿಯೇ ಚೆಲ್ಲುವುದು ಸುಲಭವಲ್ಲ. ಮಾಡುವ ವಿದ್ಯೆಗಿಂತ ಈ ಚೆಲ್ಲುವ ವಿದ್ಯೆ ದೊಡ್ಡದೆಂದು ನಮಗೆ ಅಂದು ತೋರಿತು.

ಒಂದೇ ಹುಡುಗಿ, ಒಂದೇ ಕೈ; ಮುರುಗಲು ತುಪ್ಪ ವರ್ಷವಿಡೀ ನಿಲ್ಲುವುದೇಕೆ, ಲೋಳೆಸರದ ಲೇಪ ಹನ್ನೆರಡು ದಿನಕ್ಕೆ ಕೆಡುವುದೇಕೆ? ಉತ್ತರವು ನೀರಿನಲ್ಲಿದೆ. ಸೂಕ್ಷ್ಮಜೀವಿಗಳಿಗೆ ನೀರಿಲ್ಲದೆ ಬಾಳಿಲ್ಲ. ನಮ್ಮ ಹಳೆಯ ವೈದ್ಯಗ್ರಂಥಗಳನ್ನು ಈ ದೃಷ್ಟಿಯಿಂದ ಮತ್ತೆ ತೆರೆದಾಗ ನಮಗೆ ಆಶ್ಚರ್ಯವಾಯಿತು. ಔಷಧದ ಎಣ್ಣೆ ಸಿದ್ಧವಾಯಿತೆಂಬುದಕ್ಕೆ ಶಾರ್ಙ್ಗಧರಸಂಹಿತೆಯು ಹೇಳುವ ಗುರುತುಗಳೆಲ್ಲ ಹದದ ಗುರುತುಗಳೇ: ಕಲ್ಕವನ್ನು ಬೆರಳಿನಿಂದ ಹೊಸೆದರೆ ಬತ್ತಿಯಾಗಬೇಕು, ಬೆಂಕಿಗೆ ಹಾಕಿದರೆ ಚಟಪಟ ಸದ್ದಾಗಬಾರದು. ಸದ್ದಾಗುವುದು ನೀರಿದ್ದರೆ ಮಾತ್ರ. ಅಂದರೆ ನೀರು ಸಂಪೂರ್ಣವಾಗಿ ಹೋಯಿತೋ ಇಲ್ಲವೋ ಎಂಬುದನ್ನೇ ಅವರು ಕಿವಿಯಿಂದ ಪರೀಕ್ಷಿಸುತ್ತಿದ್ದರು. ನೀರಿನಲ್ಲಿ ಅರೆದ ಲೇಪಗಳ ವಿಷಯದಲ್ಲಾದರೋ, ಹಳಸಿದ ಲೇಪವನ್ನು ಎಂದೂ ಹಚ್ಚಕೂಡದೆಂದು ಸುಶ್ರುತಸಂಹಿತೆಯ ಕಟ್ಟಪ್ಪಣೆ. ಎಣ್ಣೆಯನ್ನು ಕಾಪಿಡು, ನೀರಿನ ಲೇಪವನ್ನು ಅಂದಂದಿಗೆ ಮಾಡು, ಎಂಬುದು ಹಿರಿಯರ ನಡೆವಳಿ. ಅಜ್ಜಿಯ ಎಣ್ಣೆ ಕೆಡುತ್ತಿರಲಿಲ್ಲವೆಂಬ ನಂಬಿಕೆಯನ್ನು ಇಂದಿನ ಸೀರಮ್ಮಿನ ಮೇಲೆ ಹೊರಿಸಿದರೆ ಮೋಸಹೋಗುವೆವು. ಏಕೆಂದರೆ ಸೀರಮ್ಮಿನಲ್ಲಿ ಮುಕ್ಕಾಲಿಗೂ ಮಿಕ್ಕು ನೀರೇ.

ಹಾಗಾದರೆ ನೀರಿನ ಲೇಪವನ್ನು ಕಾಪಿಡಲೇಬಾರದೆ? ಇಡಬಹುದು, ಅದಕ್ಕೆ ಸಂರಕ್ಷಕದ್ರವ್ಯ ಬೇಕು. ವಿಟಮಿನ್ ಇ ಆ ಕೆಲಸಕ್ಕೆ ಬಾರದು. ಅದು ಎಣ್ಣೆಯು ಕಮಟದಂತೆ ಕಾಯುವುದೇ ಹೊರತು ಸೂಕ್ಷ್ಮಜೀವಿಗಳನ್ನು ತಡೆಯದು. ಫ್ರಿಜ್ಜು ಕೇಡನ್ನು ತಡಮಾಡುವುದು, ನಿಲ್ಲಿಸದು. ಫಿನಾಕ್ಸಿಎಥನಾಲ್ ಮೊದಲಾದವನ್ನು ನೂರಕ್ಕೆ ಒಂದು ಪಾಲು ಮೀರದಂತೆ ತೂಗಿ ಸೇರಿಸುವರು. ಸೋಡಿಯಂ ಬೆಂಜೋಯೇಟಾದರೆ ಹುಳಿಯ ದ್ರವದಲ್ಲಿ ಮಾತ್ರ ಕೆಲಸಮಾಡುವುದು. ಭಟ್ಟಿ ಇಳಿಸಿದ ನೀರನ್ನೇ ಬಳಸಬೇಕು, ಪಾತ್ರೆ ಸೀಸೆಗಳನ್ನು ಕುದಿಸಿ ಒಣಗಿಸಬೇಕು, ಬೆರಳನ್ನು ಒಳಗೆ ಅದ್ದಬಾರದು, ಮೇಲೆ ತೇದಿಯನ್ನು ಬರೆದು ಅಂಟಿಸಬೇಕು. ಇಷ್ಟನ್ನೂ ಮಾಡಿದ ಮೇಲೂ ಒಡೆದ, ಹುಣ್ಣಾದ ಚರ್ಮಕ್ಕೆ ಮನೆಯ ನೀರುಲೇಪವನ್ನು ಹಚ್ಚದಿರುವುದು ಲೇಸು. ಬಿರುಕು ಆಳವಾಗಿದ್ದರೆ ವೈದ್ಯರಿಗೆ ತೋರಿಸಬೇಕು. ನಂಟರ ಮದುವೆಗೆ ಇಪ್ಪತ್ತು ಸೀಸೆ ಮಾಡಿಕೊಡು, ಹಣ ಕೊಡುತ್ತೇವೆ ಎಂದು ಕೇಳಿದವರಿಗೆ ನಮ್ಮ ಸೊಸೆ ಇಲ್ಲವೆಂದಳು. ಮಾರುವುದಕ್ಕಾಗಿ ಮಾಡುವವರು 1940ರ ಕಾಯಿದೆ, 2020ರ ನಿಯಮಗಳಂತೆ ಪರವಾನಿಗೆ ಪಡೆಯಬೇಕಾಗಿರುವುದೂ ಉಚಿತವೇ. ಪರರ ಚರ್ಮದ ಹೊಣೆ ಸಣ್ಣದಲ್ಲ.

ಕಡೆಯದಾಗಿ ಸಹೋದರಿಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಸೀಸೆಯಲ್ಲಿ ಏನಾದರೂ ವಿಕಾರ ಕಂಡರೆ ಎರಡು ಪ್ರಶ್ನೆಗಳನ್ನು ಕೇಳಿರಿ: ಇದು ಮಾಡಿದ ದಿನದಿಂದಲೂ ಹೀಗಿತ್ತೆ, ಆಮೇಲೆ ಬಂದದ್ದೆ? ಇದರಲ್ಲಿ ನೀರಿದೆಯೆ, ಇಲ್ಲವೆ? ಮೊದಲಿನಿಂದಲೂ ಇದ್ದ ಗಂಟನ್ನು ಸೋಸಬಹುದು, ಅಂಟನ್ನು ಸಡಿಲಿಸಬಹುದು. ನೀರಿಲ್ಲದ ಮುಲಾಮಿನ ಹರಳನ್ನು ಕರಗಿಸಿ ಆರಿಸಬಹುದು. ನೀರಿರುವ ಲೇಪವು ಸರಿಯಾಗಿದ್ದು ಆಮೇಲೆ ತಾನಾಗಿ ತೆಳುವಾದರೆ, ಮಬ್ಬಾದರೆ, ಎಳೆಎಳೆಯಾದರೆ, ವಾಸನೆ ಬರಲಿ ಬಾರದಿರಲಿ, ಎರಡನೆಯ ಯೋಚನೆ ಬೇಡ. ಒಂದು ಸೀಸೆಯ ನಷ್ಟ ದೊಡ್ಡದಲ್ಲ. ಮುಂದಿನ ಭಾನುವಾರ ಮತ್ತೊಂದನ್ನು ಮಾಡಿಕೊಳ್ಳಬಹುದು.